ಬಾಡಿಗೆ ಮನೆಯ ಸಾಹಿತ್ಯ ಜಾತ್ರೆ

ಇಂಗ್ಲೆಂಡಿನ ಮೇ ತಿಂಗಳನ್ನು ನಂಬುವ ಹಾಗಿಲ್ಲ. ಬೆಳಿಗ್ಗೆ ಚುರುಗುಟ್ಟುವ ಬಿಸಿಲು, ಮಧ್ಯಾಹ್ನ ಜಡಿಮಳೆ, ಸಂಜೆಗೆ ಸ್ವೆಟರ್ ಹುಡುಕುವಂಥ ಗಾಳಿ. ಆದರೂ ಅಲ್ಲಿನವರ ಪಾಲಿಗೆ ಬೇಸಿಗೆ ಶುರುವಾಗುವುದು ಅಲ್ಲಿಂದಲೇ. ಆ ತಿಂಗಳ ಎರಡನೇ ಭಾಗದಲ್ಲಿ ಸಸೆಕ್ಸ್ ಸೀಮೆಯ ಫರ್ಲ್ ಎಂಬ ಹಳ್ಳಿಯ ಹತ್ತಿರ, ಹಳೆಯ ತೋಟದ ಮನೆಯೊಂದರ ಪಕ್ಕದಲ್ಲಿ ದೊಡ್ಡ ಟೆಂಟ್ ಏಳುತ್ತದೆ. ಹಿಂದೆ ಹುಲ್ಲು ಹೊದ್ದ ಬೋಳುಗುಡ್ಡ, ಮುಂದೊಂದು ಕೊಳ, ಸುತ್ತ ದನ ಕುರಿ ಮೇಯುವ ಹೊಲಗಳು. ಚಾರ್ಲ್ಸ್‌ಟನ್ ಸಾಹಿತ್ಯ ಉತ್ಸವ ನಡೆಯುವುದು ಇಲ್ಲಿ.

ಲಂಡನ್ನಿನ ವಿಕ್ಟೋರಿಯಾ ನಿಲ್ದಾಣದಲ್ಲಿ ರೈಲು ಹತ್ತಿದರೆ ಒಂದು ಗಂಟೆ ಚಿಲ್ಲರೆಯಲ್ಲಿ ಲೂಯಿಸ್ ಪಟ್ಟಣ. ಅಲ್ಲಿಂದ ಮುಂದೆ ಟ್ಯಾಕ್ಸಿಯೋ ಬಸ್ಸೋ ಹಿಡಿದು ಹೆದ್ದಾರಿ ಬಿಟ್ಟು ಒಳದಾರಿಗೆ ತಿರುಗಬೇಕು. ಮೊಬೈಲಿನ ನಕ್ಷೆ ಎಷ್ಟೇ ಧೈರ್ಯ ಹೇಳಿದರೂ ಇಷ್ಟು ಇಕ್ಕಟ್ಟಾದ ಕೊಟ್ಟಿಗೆ ದಾರಿಯ ಕೊನೆಗೆ ಸಾಹಿತ್ಯ ಉತ್ಸವ ಇದ್ದೀತೇ ಎಂಬ ಅನುಮಾನ ಬಂದೇ ಬರುತ್ತದೆ. ಕಾರ್ಯಕ್ರಮದ ಕಟ್ಟು ನಮಗೂ ಗೊತ್ತಿರುವಂಥದ್ದೇ. ವೇದಿಕೆಯ ಮೇಲೆ ಇಬ್ಬರು ಮೂವರು, ಒಂದು ಗಂಟೆಯ ಮಾತು, ಕೊನೆಗೆ ಸಭಿಕರ ಪ್ರಶ್ನೆ, ಆಮೇಲೆ ಪುಸ್ತಕದಂಗಡಿಯ ಮುಂದೆ ಹಸ್ತಾಕ್ಷರಕ್ಕೆ ಸಾಲು. ಕಾದಂಬರಿಕಾರರಷ್ಟೇ ಜನ ಇತಿಹಾಸಕಾರರು, ರಾಜಕಾರಣಿಗಳು, ಚಿತ್ರಕಲಾವಿದರು, ನಟರು ಬಂದು ಮಾತಾಡುತ್ತಾರೆ. ಇದರಲ್ಲೆಲ್ಲ ಹೊಸದೇನೂ ಇಲ್ಲ. ಉತ್ಸವದ ಜೀವ ಇರುವುದು ಟೆಂಟಿನ ಪಕ್ಕದ ಆ ಮನೆಯಲ್ಲಿ.

ಇಂಗ್ಲೆಂಡಿನಲ್ಲಿ ಸಾಹಿತ್ಯ ಉತ್ಸವಗಳ ಪರಂಪರೆ 1949ರ ಚೆಲ್ಟನ್‌ಹ್ಯಾಮ್‌ನಿಂದ ಹೊರಡುತ್ತದೆ. 1983ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ, 1988ರಲ್ಲಿ ವೇಲ್ಸ್ ಗಡಿಯ ಹೇ ಎಂಬ ಪುಸ್ತಕದಂಗಡಿಗಳ ಊರಿನಲ್ಲಿ ಇಂಥ ಉತ್ಸವಗಳು ಹುಟ್ಟಿಕೊಂಡವು. ಅದರ ಬೆನ್ನಿಗೇ ಚಾರ್ಲ್ಸ್‌ಟನ್ ಉತ್ಸವವೂ ಶುರುವಾಯಿತು. ಅದೇ ಕಾಲಕ್ಕೆ ಮತ್ತು ಅದರಾಚೆಗೆ ಹಳ್ಳಿಗಾಡಿನ ಹಳೆಯ ದೊಡ್ಡ ಮನೆಗಳು ಒಂದೊಂದಾಗಿ ಬಾಗಿಲು ತೆರೆದವು. ರಾಜಕುಮಾರಿ ಡಯಾನಾಳ ತವರು ಆಲ್ಥಾರ್ಪ್‌ನಲ್ಲಿ, ಕಾರ್ನ್‌ವಾಲ್‌ನ ಪೋರ್ಟ್ ಎಲಿಯಟ್‌ನಲ್ಲಿ, ರವೀಂದ್ರನಾಥ ಠಾಕೂರರ ಶಿಷ್ಯ ಲೆನಾರ್ಡ್ ಎಲ್ಮ್‌ಹರ್ಸ್ಟ್ ಕಟ್ಟಿ ಬೆಳೆಸಿದ ಡಾರ್ಟಿಂಗ್ಟನ್ ಹಾಲ್‌ನಲ್ಲಿ ಬೇಸಿಗೆಯೆಂದರೆ ಪುಸ್ತಕದ ಮಾತು ಎಂಬಂತಾಯಿತು.

ಇದರ ಹಿಂದೆ ಸಾಹಿತ್ಯಪ್ರೇಮ ಇತ್ತು, ಆದರೆ ಹೆಂಚಿನ ಚಿಂತೆ ಅದಕ್ಕಿಂತ ಒಂದು ತೂಕ ಜಾಸ್ತಿಯೇ ಇತ್ತು. ಇಪ್ಪತ್ತನೇ ಶತಮಾನದಲ್ಲಿ ಮೃತರ ಆಸ್ತಿಯ ಮೇಲಿನ ತೆರಿಗೆ, ಕುಸಿದ ಜಮೀನಿನ ಹುಟ್ಟುವಳಿ, ಆಳುಕಾಳುಗಳ ಅಭಾವ ಎಲ್ಲ ಸೇರಿ ಇಂಗ್ಲೆಂಡಿನಲ್ಲಿ ಇಂಥ ಸಾವಿರಕ್ಕೂ ಹೆಚ್ಚು ಮನೆಗಳು ನೆಲಸಮವಾದವು. 1974ರಲ್ಲಿ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಹೀಗೆ ಅಳಿದುಹೋದ ಮನೆಗಳ ಬಗ್ಗೆಯೇ ಒಂದು ಪ್ರದರ್ಶನ ಇಟ್ಟು ಊರಿನ ಕಣ್ಣು ತೆರೆಸಿತು. ಉಳಿದವರು ಮನೆಯನ್ನು ದುಡಿಮೆಗೆ ಹಚ್ಚಬೇಕಾಯಿತು. ಕೆಲವರು ಮದುವೆಗೆ ಕೊಟ್ಟರು, ಕೆಲವರು ಸಿನಿಮಾ ಚಿತ್ರೀಕರಣಕ್ಕೆ ಕೊಟ್ಟರು, ಕೆಲವರು ಲೇಖಕರನ್ನು ಕರೆದರು. ಚಾರ್ಲ್ಸ್‌ಟನ್‌ನಿಂದ ಕೂಗಳತೆಯಲ್ಲೇ ಅನ್ನಬಹುದಾದ ಗ್ಲೈಂಡ್‌ಬೋರ್ನ್ ಎಂಬ ಬಂಗಲೆಯಲ್ಲಂತೂ 1934ರಿಂದಲೇ ಬೇಸಿಗೆಯ ಸಂಗೀತ ನಾಟಕಗಳು ನಡೆಯುತ್ತಿವೆ.

ಚಾರ್ಲ್ಸ್‌ಟನ್ ಈ ಸಾಲಿನಲ್ಲಿ ನಿಂತೂ ಈ ಸಾಲಿಗೆ ಸೇರದ ಮನೆ. ಇದು ಜಹಗೀರುದಾರರ ಬಂಗಲೆಯಲ್ಲ. ಸುತ್ತಲಿನ ಜಮೀನಿನ ಒಡೆಯರಾದ ಗೇಜ್ ಮನೆತನದವರ ನಿಜವಾದ ಬಂಗಲೆ ಫರ್ಲ್ ಪ್ಲೇಸ್ ಸ್ವಲ್ಪ ದೂರದಲ್ಲಿದೆ. ಚಾರ್ಲ್ಸ್‌ಟನ್ ಅವರ ಒಕ್ಕಲು ಮನೆ. ಅದನ್ನು ಬಾಡಿಗೆಗೆ ಹಿಡಿದ ಒಂದು ಗುಂಪು ಆರು ದಶಕ ಬಾಡಿಗೆಯಲ್ಲೇ ಇದ್ದು, ಗೋಡೆ ಬಾಗಿಲು ಒಂದನ್ನೂ ಬಿಡದೆ ಬಣ್ಣ ಬಳಿದು, ಯುದ್ಧ, ಹಣ, ಪ್ರೇಮ, ಚಿತ್ರಕಲೆ ಎಲ್ಲದರ ಮೇಲೂ ಜಗಳಾಡಿ, ಕೊನೆಗೆ ಮನೆಯನ್ನು ಜಗತ್ತಿಗೆ ಬಿಟ್ಟುಹೋಯಿತು. ಇಲ್ಲಿ ಉತ್ಸವ ಹೊಸದಾಗಿ ಶುರುವಾಯಿತು ಎನ್ನುವುದಕ್ಕಿಂತ, ಮನೆಯೊಳಗೆ ನಿಂತುಹೋಗಿದ್ದ ಮಾತು ಅಂಗಳಕ್ಕೆ ಬಂತು ಎನ್ನುವುದೇ ಸರಿ.

ಆ ಗುಂಪು ಲಂಡನ್ನಿನ ಲೇಖಕರು, ಕಲಾವಿದರ ಬ್ಲೂಮ್ಸ್‌ಬರಿ ಬಳಗ. ಅವರು ಇಲ್ಲಿಗೆ ಬಂದದ್ದು ಹಳ್ಳಿಯ ಸೊಬಗಿಗೆ ಮರುಳಾಗಿ ಅಲ್ಲ. 1916ರಲ್ಲಿ ಬ್ರಿಟನ್ ಕಡ್ಡಾಯ ಸೇನಾಭರ್ತಿ ಕಾಯ್ದೆ ತಂದಿತು. ಚಿತ್ರಕಾರ ಡಂಕನ್ ಗ್ರಾಂಟ್ ಮತ್ತು ಬರಹಗಾರ ಡೇವಿಡ್ ಗಾರ್ನೆಟ್ ಇಬ್ಬರೂ ಮನಸ್ಸಾಕ್ಷಿ ಒಪ್ಪದೆಂದು ಬಂದೂಕು ಹಿಡಿಯಲು ಒಲ್ಲೆನೆಂದವರು. ಜೈಲು ತಪ್ಪಬೇಕಾದರೆ ದೇಶಕ್ಕೆ ಬೇಕಾದ ಕೆಲಸ ಮಾಡಬೇಕು, ಅಂದರೆ ಹೊಲದಲ್ಲಿ ಕೂಲಿ. ಆ ಹೊತ್ತಿಗೆ ಈ ಸೀಮೆಯಲ್ಲೇ ಇದ್ದ ಲೇಖಕಿ ವರ್ಜೀನಿಯಾ ವುಲ್ಫ್ ಇಲ್ಲೊಂದು ಮನೆ ಖಾಲಿ ಇದೆಯೆಂದು ಅಕ್ಕ ವನೆಸಾ ಬೆಲ್‌ಗೆ ಕಾಗದ ಬರೆದಳು. ಅಕ್ಟೋಬರಿನಲ್ಲಿ ವನೆಸಾ ತನ್ನ ಇಬ್ಬರು ಗಂಡುಮಕ್ಕಳು, ಡಂಕನ್, ಗಾರ್ನೆಟ್, ಒಂದು ನಾಯಿ ಸಮೇತ ಬಂದು ಬಿಡಾರ ಹೂಡಿದಳು. ವಿದ್ಯುತ್ ಇಲ್ಲ, ಟೆಲಿಫೋನ್ ಇಲ್ಲ, ಕೈಪಂಪಿನ ತಣ್ಣೀರು, ಸಂಜೆಯಾದರೆ ಎಣ್ಣೆಯ ದೀಪ. ಕುಂಚ ಹಿಡಿಯುವ ಕೈಗಳು ಚಳಿಯಲ್ಲಿ ಪಕ್ಕದ ಹೊಲದ ಗೆಯ್ಮೆಗೆ ನಿಂತವು.

ವನೆಸಾಳ ಗಂಡ ಕ್ಲೈವ್ ಬೆಲ್ ಬಂದು ಹೋಗುವ ನೆಂಟ. ವನೆಸಾ ಪ್ರೀತಿಸಿದ್ದು ಡಂಕನ್‌ನನ್ನು. ಡಂಕನ್ ಪ್ರೀತಿಸಿದ್ದು ಗಾರ್ನೆಟ್‌ನನ್ನು. ಹಳ್ಳಿಯವರು ಏನೆಂದುಕೊಂಡರೋ! 1918ರ ಕ್ರಿಸ್‌ಮಸ್ ದಿನ ಅದೇ ಮನೆಯಲ್ಲಿ ಹುಟ್ಟಿದ ಆಂಜೆಲಿಕಾ ಡಂಕನ್‌ನ ಮಗಳು, ಆದರೆ ಕ್ಲೈವ್‌ನ ಮಗಳೆಂದೇ ಬೆಳೆದಳು. ನಿಜ ಸಂಗತಿ ಅವಳಿಗೆ ತಿಳಿದದ್ದು ಹರೆಯಕ್ಕೆ ಬಂದ ಮೇಲೆ. ಇಷ್ಟು ಸಾಲದೆಂಬಂತೆ ಮುಂದೆ ಅವಳು ಮದುವೆಯಾದದ್ದು ಅದೇ ಗಾರ್ನೆಟ್‌ನನ್ನು. ಸತ್ಯ, ಸ್ವಾತಂತ್ರ್ಯ ಎಂದು ಹಗಲಿರುಳು ಮಾತಾಡುತ್ತಿದ್ದವರು ಒಂದು ಮಗುವಿಗೆ ಅವಳ ತಂದೆ ಯಾರೆಂದು ಹೇಳಲು ಹಿಂಜರಿದರು. 1984ರಲ್ಲಿ ಆಂಜೆಲಿಕಾ ಬರೆದ ಆತ್ಮಕಥನ ಈ ನೋವನ್ನು ಮುಚ್ಚುಮರೆಯಿಲ್ಲದೆ ತೆರೆದಿಟ್ಟಿತು. ಹಾಗಿದ್ದೂ ಮನೆಯ ಸಾಮಾನು ಸರಂಜಾಮುಗಳನ್ನು, ಮನೆ ಉಳಿಸಲು ಮುಂದೆ ಹುಟ್ಟಿದ ಟ್ರಸ್ಟಿಗೆ ಕೊಟ್ಟವಳು ಅವಳೇ. ಚಾರ್ಲ್ಸ್‌ಟನ್ ಬಗ್ಗೆ ಕರಗಿ ನೀರಾಗುವ ಅಭಿಮಾನಿಗಳಿಗೆ ಮೊದಲು ಈ ಪುಸ್ತಕ ಓದಿಸಬೇಕು ಎಂಬುದು ನನ್ನ ಖಾಯಂ ಅಭಿಪ್ರಾಯ.

ಇನ್ನು ಮನೆಯ ಒಳಗೆ ಬನ್ನಿ. ಒಲೆಯ ಪಕ್ಕದಲ್ಲಿ ಸೌದೆ ತುಂಬಿಡುವ ಒಂದು ಮರದ ಪೆಟ್ಟಿಗೆ ಇದೆ. ನಮ್ಮಲ್ಲಾದರೆ ಅಂಥದ್ದು ಹಿತ್ತಿಲಲ್ಲಿ ಗೆದ್ದಲು ಹಿಡಿಯುತ್ತಾ ಬಿದ್ದಿರುತ್ತಿತ್ತು. ಡಂಕನ್ ಅದರ ಬದಿಗಳ ಮೇಲೆ ವಾದ್ಯ ನುಡಿಸುವ, ಕುಣಿಯುವ ಕಿನ್ನರರನ್ನು ಬಿಡಿಸಿದ. ಬಾಗಿಲ ಹಲಗೆಗಳ ಮೇಲೆ ಹೂದಾನಿ, ಹಣ್ಣಿನ ಬುಟ್ಟಿ. ಕಿಟಕಿಯ ಒಳಬದಿಗೆ, ಪುಸ್ತಕದ ಬೀರುವಿಗೆ, ಮಂಚದ ತಲೆಭಾಗಕ್ಕೆ, ಸ್ನಾನದ ತೊಟ್ಟಿಯ ಪಕ್ಕದ ಹಲಗೆಗೆ ಸಹ ಬಣ್ಣ. ಊಟದ ಕೋಣೆಯ ಕಪ್ಪು ಗೋಡೆಯ ಮೇಲೆ ಅಚ್ಚು ಹಿಡಿದು ಹಚ್ಚಿದ ವಿನ್ಯಾಸ, ನಡುವೆ ವನೆಸಾ ಚಿತ್ತಾರ ಬರೆದ ದುಂಡು ಮೇಜು, ಮೇಲೆ ತೂಗುವ ದೀಪಕ್ಕೆ ಮಗ ಕ್ವೆಂಟಿನ್ ಮಾಡಿದ ತೂತುತೂತಿನ ಮಣ್ಣಿನ ಮುಚ್ಚಳ. ಯಾವುದೂ ನಾಜೂಕಾಗಿಲ್ಲ. ಗೆರೆ ಸೊಟ್ಟಗಿದೆ, ಬಣ್ಣ ಇಳಿದಿದೆ, ಹಿಂದಿನ ಬಣ್ಣ ಇಣುಕುತ್ತದೆ. ನಾಳೆ ಮನೆ ಖಾಲಿ ಮಾಡಬೇಕಾಗಿ ಬಂದರೂ ಬರಬಹುದು ಎಂಬ ಬಾಡಿಗೆದಾರರ ಅವಸರ, ಅಲ್ಲಿಯ ತನಕ ಇದು ನಮ್ಮದೇ ಎಂಬ ಧಿಮಾಕು, ಎರಡೂ ಆ ಗೆರೆಗಳಲ್ಲಿವೆ. ಮನೆಯ ಯಜಮಾನರಿಗೆ ಹೀಗೆ ಬಣ್ಣ ಬಳಿಯುವ ಧೈರ್ಯ ಬರುತ್ತಿರಲಿಲ್ಲ. ಅವರಿಗೆ ಮಕ್ಕಳು ಮರಿಮಕ್ಕಳಿಗೆ ಮನೆ ಒಪ್ಪಿಸುವ ಯೋಚನೆ ಇರುತ್ತದೆ.

ಈ ಮನೆಯ ಬೇಲಿಗೂ ಒಂದು ಕಥೆ ಇದೆ. 1918ರ ಮಾರ್ಚ್. ಪ್ಯಾರಿಸ್‌ನಲ್ಲಿ ಆಗತಾನೆ ತೀರಿಕೊಂಡಿದ್ದ ಚಿತ್ರಕಾರ ಡೆಗಾನ ಸಂಗ್ರಹ ಹರಾಜಿಗೆ ಬಂತು. ಸುದ್ದಿ ತಿಳಿದ ಡಂಕನ್, ಬ್ರಿಟಿಷ್ ಖಜಾನೆಯಲ್ಲಿ ದೊಡ್ಡ ಹುದ್ದೆಯಲ್ಲಿದ್ದ ಗೆಳೆಯ ಜಾನ್ ಮೇನಾರ್ಡ್ ಕೇನ್ಸ್‌ನ ದುಂಬಾಲು ಬಿದ್ದ. ಯುದ್ಧದ ನಡುವೆ ಚಿತ್ರಕ್ಕೆ ದುಡ್ಡೇ? ಕೇನ್ಸ್ ಹೇಗೋ 20,000 ಪೌಂಡ್ ಮಂಜೂರು ಮಾಡಿಸಿ, ನ್ಯಾಷನಲ್ ಗ್ಯಾಲರಿಯ ನಿರ್ದೇಶಕನನ್ನು ಜೊತೆಗೆ ಕರೆದುಕೊಂಡು ಪ್ಯಾರಿಸ್‌ಗೆ ಹೋದ. ದೂರದಲ್ಲಿ ಜರ್ಮನ್ ಫಿರಂಗಿಗಳ ಸದ್ದು, ಇಲ್ಲಿ ಸವಾಲಿನ ಕೂಗು. ಗ್ಯಾಲರಿಗೆ ಒಳ್ಳೆಯ ಚಿತ್ರಗಳು ಸಿಕ್ಕವು. ಗ್ಯಾಲರಿಯ ನಿರ್ದೇಶಕನಿಗೆ ಫ್ರೆಂಚ್ ಚಿತ್ರಕಾರ ಸೆಜಾನ್ ಹಿಡಿಸಲಿಲ್ಲ. ಹಾಗಾಗಿ ಕೇನ್ಸ್ ತನ್ನ ಸ್ವಂತ ದುಡ್ಡಿನಲ್ಲೇ ಸೆಜಾನ್‌ನ ಸೇಬುಗಳ ಚಿತ್ರವೊಂದನ್ನು ಕೊಂಡ. ವಾಪಸು ಬರುವಾಗ ಸರ್ಕಾರಿ ಕಾರೊಂದು ಅವನನ್ನು ಒಳದಾರಿಯ ತುದಿಯಲ್ಲಿ ಇಳಿಸಿ ಹೋಯಿತು. ಕೈಯಲ್ಲಿ ಪೆಟ್ಟಿಗೆಗಳ ಹೊರೆ. ಎಲ್ಲ ಹೊತ್ತು ನಡೆಯಲಾಗದೆ ಒಂದು ಗಂಟನ್ನು ಬೇಲಿಯ ಸಂದಿಯಲ್ಲಿಟ್ಟು ಮನೆಗೆ ಬಂದವನು, ರಸ್ತೆಯ ಬದಿ ಬೇಲಿಯಲ್ಲಿ ಒಂದು ಸೆಜಾನ್ ಇದೆ, ತರುತ್ತೀರಾ ಎಂದನಂತೆ. ಇದ್ದವರು ಎದ್ದೆವೋ ಬಿದ್ದೆವೋ ಎಂದು ಓಡಿದರು. ಇಂಗ್ಲೆಂಡಿನಲ್ಲಿ ಆಗ ಸೆಜಾನ್‌ನ ಚಿತ್ರಗಳು ಬೆರಳೆಣಿಕೆಯಷ್ಟಿದ್ದವು, ಅದರಲ್ಲೊಂದು ಸಸೆಕ್ಸಿನ ಮುಳ್ಳುಬೇಲಿಯಲ್ಲಿ. ಉತ್ಸವಕ್ಕೆ ಬರುವ ಕಾರುಗಳು ಇವತ್ತಿಗೂ ಅದೇ ಒಳದಾರಿಗೆ ತಿರುಗುತ್ತವೆ.

ಮರುವರ್ಷ ವರ್ಸೇಲ್ಸ್ ಒಪ್ಪಂದದ ಮಾತುಕತೆಗೆ ಹೋಗಿದ್ದ ಕೇನ್ಸ್, ಸೋತ ಜರ್ಮನಿಯ ಮೇಲೆ ಹೊರಿಸುತ್ತಿದ್ದ ಪರಿಹಾರದ ಭಾರ ಕಂಡು ಸಿಟ್ಟಾಗಿ ರಾಜೀನಾಮೆ ಬಿಸಾಕಿ ಬಂದ. ಬಂದದ್ದು ಚಾರ್ಲ್ಸ್‌ಟನ್‌ಗೆ. 1919ರ ಬೇಸಿಗೆಯಲ್ಲಿ ಆ ಒಪ್ಪಂದದ ಆರ್ಥಿಕ ಪರಿಣಾಮಗಳನ್ನು ಕುರಿತ ಪುಸ್ತಕವನ್ನು ಈ ಮನೆಯಲ್ಲಿ ಕೂತು ಬರೆದ. ಡಿಸೆಂಬರಿನಲ್ಲಿ ಅಚ್ಚಾಗಿ ಜಗತ್ತೆಲ್ಲ ಓದಿತು. ಇಂಥ ಸೇಡು ಮುಂದಿನ ಯುದ್ಧಕ್ಕೆ ದಾರಿ ಎಂಬ ಅವನ ಎಚ್ಚರಿಕೆ ಇಪ್ಪತ್ತು ವರ್ಷದಲ್ಲಿ ನಿಜವಾಯಿತು. ಬರೆದು ಬೇಸರವಾದಾಗ ತೋಟದ ಕಾಲುದಾರಿಯಲ್ಲಿ ಮಂಡಿಯೂರಿ ಜೇಬಿನ ಚಾಕುವಿನಿಂದ ಕಳೆ ಕೀಳುತ್ತಿದ್ದ ಎನ್ನುವುದು ಅಲ್ಲಿ ಎಲ್ಲರ ಬಾಯಲ್ಲೂ ಇರುವ ಮಾತು. ಅವನದು ಇನ್ನೊಂದು ಚೇಷ್ಟೆ. ಸಂಜೆಯ ಬೆಳಕು ಇನ್ನಷ್ಟು ಸಿಗಲೆಂದು ಮನೆಯ ಗಡಿಯಾರಗಳನ್ನು ಊರಿನ ಗಡಿಯಾರಕ್ಕಿಂತ ಒಂದು ಗಂಟೆ ಮುಂದೆ ಇಡಿಸಿದ. ದೊಡ್ಡ ಅರ್ಥಶಾಸ್ತ್ರಜ್ಞನ ಈ ಸುಧಾರಣೆಗೆ ಅಡುಗೆಮನೆ ಸೊಪ್ಪು ಹಾಕಲಿಲ್ಲ. ಹೊಸ ವೇಳೆಗೆ ಅಡುಗೆಯವಳ ಒಪ್ಪಿಗೆ ಸಿಗದೆ ಒಂದೇ ಮನೆಯಲ್ಲಿ ಊಟದ ಹೊತ್ತು ಗೋಜಲಾಯಿತು.

ಆ ಅಡುಗೆಮನೆಯ ಹತ್ತಿರ ಸ್ವಲ್ಪ ನಿಲ್ಲಬೇಕು. 1920ರಲ್ಲಿ ನಾರ್‌ಫೋಕ್ ಸೀಮೆಯ ಗ್ರೇಸ್ ಎಂಬ ಹದಿಹರೆಯದ ಹುಡುಗಿ ವನೆಸಾಳ ಮನೆಗೆಲಸಕ್ಕೆ ಸೇರಿದಳು. ಮೊದಲು ಕಸಮುಸುರೆ, ಆಮೇಲೆ ಮಕ್ಕಳನ್ನು ನೋಡಿಕೊಳ್ಳುವುದು, ಕೊನೆಗೆ ಅಡುಗೆ ಮತ್ತು ಇಡೀ ಮನೆಯ ಉಸ್ತುವಾರಿ. 1934ರಲ್ಲಿ ಮದುವೆಯಾಗಿ ಗ್ರೇಸ್ ಹಿಗೆನ್ಸ್ ಆದಳು, ಗಂಡನೂ ಅಲ್ಲೇ ಬಂದು ನೆಲೆಸಿದ. ಐವತ್ತು ವರ್ಷ ದುಡಿದಳು. ವನೆಸಾ, ಕ್ಲೈವ್ ತೀರಿಕೊಂಡ ಮೇಲೂ ಮುದುಕನಾದ ಡಂಕನ್‌ಗೆ ಬೇಯಿಸಿ ಹಾಕಿದಳು. ಯಾರು ಬಂದರು, ಏನು ತಿಂದರು, ಹವಾಮಾನ ಹೇಗಿತ್ತು ಎಂದು ದಿನಚರಿ ಬರೆದಿಟ್ಟಳು. ವನೆಸಾ ಅವಳನ್ನು ಅಡುಗೆಮನೆಯಲ್ಲಿ ಕೆಲಸ ಮಾಡುತ್ತಿರುವ ಹಾಗೆ ಚಿತ್ರಿಸಿದಳು. ಅವಳ ನೆನಪಿಗೆ ಕ್ವೆಂಟಿನ್ ಮಣ್ಣಿನ ಫಲಕವೊಂದನ್ನು ಸುಟ್ಟು ಒಲೆಯ ಮೇಲಿನ ಗೋಡೆಗೆ ಕೂರಿಸಿದ. ಅವಳ ದಿನಚರಿಗಳು ಈಗ ಬ್ರಿಟಿಷ್ ಲೈಬ್ರರಿಯಲ್ಲಿವೆ.

ಹೆಣ್ಣಿಗೆ ಬರೆಯಲು ತನ್ನದೇ ಕೋಣೆ ಬೇಕು, ಕೈಯಲ್ಲಿ ಕಾಸು ಬೇಕು ಎಂದು ವರ್ಜೀನಿಯಾ ವಾದಿಸಿದ್ದು ಜಗತ್ತಿಗೆ ಗೊತ್ತು. ಆ ಕೋಣೆಯನ್ನು ಗುಡಿಸಿದವರು ಯಾರು ಎಂಬ ಪ್ರಶ್ನೆಯನ್ನು ಅಲಿಸನ್ ಲೈಟ್ ಎಂಬ ವಿದ್ವಾಂಸೆ 2007ರಲ್ಲಿ ವುಲ್ಫ್ ಮನೆಯ ಆಳುಗಳನ್ನು ಕುರಿತ ಪುಸ್ತಕದಲ್ಲಿ ಎತ್ತಿಕೊಂಡರು. ಬ್ಲೂಮ್ಸ್‌ಬರಿಯ ಭಕ್ತಿ ಸಾಹಿತ್ಯ ಮುಗಿದು ವಿಮರ್ಶೆ ಶುರುವಾದದ್ದು ಇಂಥ ಪುಸ್ತಕಗಳಿಂದ.

ನಮ್ಮ ದೇಶದ ಋಣವೂ ಈ ಮನೆಯ ಮೇಲಿದೆ, ಅದನ್ನು ಅಲ್ಲಿನ ಮಾರ್ಗದರ್ಶಿಗಳು ಹೇಳಲಿ ಬಿಡಲಿ ನಾವು ಮರೆಯಬಾರದು. ವನೆಸಾ ಮತ್ತು ವರ್ಜೀನಿಯಾರ ತಾಯಿ ಜೂಲಿಯಾ ಹುಟ್ಟಿದ್ದು 1846ರಲ್ಲಿ ಕಲ್ಕತ್ತೆಯಲ್ಲಿ. ಅಜ್ಜ ಅಲ್ಲಿ ವೈದ್ಯ. ಡಂಕನ್‌ನ ಅಪ್ಪ ಭಾರತದಲ್ಲಿದ್ದ ಬ್ರಿಟಿಷ್ ಸೇನೆಯ ಮೇಜರ್. ಬಂದೂಕು ಮುಟ್ಟಲಾರೆ ಎಂದ ಮಗನ ಬಾಲ್ಯ ಕಳೆದದ್ದು ಭಾರತ, ಬರ್ಮಾಗಳ ದಂಡುಪ್ರದೇಶಗಳಲ್ಲಿ. ಬಳಗದ ಬರಹಗಾರ ಲಿಟನ್ ಸ್ಟ್ರೇಚಿಯ ಅಪ್ಪನೂ ಇಲ್ಲೇ ದೊಡ್ಡ ಅಧಿಕಾರಿ. ವರ್ಜೀನಿಯಾಳ ಗಂಡ ಲೆನಾರ್ಡ್ ವುಲ್ಫ್ 1904ರಿಂದ 1911ರವರೆಗೆ ಸಿಲೋನಿನಲ್ಲಿ ಆಡಳಿತಗಾರನಾಗಿದ್ದು, ಸಾಮ್ರಾಜ್ಯದ ಕೆಲಸ ಸಾಕೆಂದು ಬಿಟ್ಟು ಬಂದು ಅಲ್ಲಿನ ಕಾಡುಹಳ್ಳಿಯ ಬಡವರನ್ನು ಕುರಿತು ಕಾದಂಬರಿ ಬರೆದ. ಕೇನ್ಸ್‌ನ ಮೊದಲ ನೌಕರಿ ಲಂಡನ್ನಿನ ಇಂಡಿಯಾ ಆಫೀಸಿನಲ್ಲಿ, ಮೊದಲ ಪುಸ್ತಕ ಭಾರತದ ನಾಣ್ಯ ವ್ಯವಸ್ಥೆಯನ್ನು ಕುರಿತದ್ದು. ಬಳಗದ ಗೆಳೆಯ, ಕಾದಂಬರಿಕಾರ ಇ. ಎಂ. ಫಾರ್ಸ್ಟರ್ ದೇವಾಸ್ ಸಂಸ್ಥಾನದ ಮಹಾರಾಜರ ಕಾರ್ಯದರ್ಶಿಯಾಗಿದ್ದವನು. ಮುಲ್ಕ್ ರಾಜ್ ಆನಂದ್ ಆ ಕಾಲದ ಲಂಡನ್ನಿನಲ್ಲಿ ಇವರೊಂದಿಗೆ ಒಡನಾಡಿ, ಆ ಮಾತುಕತೆಗಳ ಬಗ್ಗೆ 1981ರಲ್ಲಿ ಒಂದು ಪುಸ್ತಕವನ್ನೇ ತಂದರು. ಅದರಲ್ಲಿ ಆದರಕ್ಕಿಂತ ಚುಚ್ಚುಮಾತೇ ಹೆಚ್ಚು ರುಚಿ.

ಕನ್ನಡಕ್ಕೂ ಒಂದು ಎಳೆ ಸಿಗುತ್ತದೆ. ವುಲ್ಫ್ ದಂಪತಿ 1917ರಲ್ಲಿ ಊಟದ ಮೇಜಿನ ಮೇಲೆ ಕೈಮುದ್ರಣ ಯಂತ್ರ ಇಟ್ಟುಕೊಂಡು ಶುರುಮಾಡಿದ ಹೋಗಾರ್ತ್ ಪ್ರೆಸ್ ಮುಂದೆ ದೊಡ್ಡ ಪ್ರಕಾಶನವಾಗಿ 1930ರ ದಶಕದ ಎಡಪಂಥೀಯ ತರುಣರನ್ನು ಪ್ರಕಟಿಸಿತು. ಕ್ರಿಸ್ಟಫರ್ ಇಷರ್‌ವುಡ್, ಎಡ್ವರ್ಡ್ ಅಪ್‌ವರ್ಡ್ ಅವರಲ್ಲಿ ಇಬ್ಬರು. ಯು. ಆರ್. ಅನಂತಮೂರ್ತಿ 1960ರ ದಶಕದಲ್ಲಿ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ.ಗೆ ಎತ್ತಿಕೊಂಡದ್ದು ಇದೇ ಇಬ್ಬರು ಲೇಖಕರನ್ನು. ಆ ಸಂಶೋಧನೆಯ ನಡುವೆಯೇ ಅಲ್ಲಿ ಕೂತು ಅವರು ಬರೆದ ಕಾದಂಬರಿ ‘ಸಂಸ್ಕಾರ’. ರಾಜಕೀಯ ನಂಬಿಕೆಗೂ ಕಥೆಗೂ ಏನು ನಂಟು ಎಂದು ಆ ದಶಕದವರು ತಲೆ ಕೆಡಿಸಿಕೊಂಡದ್ದನ್ನು ನಮ್ಮವರೊಬ್ಬರು ಮೇಳಿಗೆ ಎಂಬ ಹಳ್ಳಿಯಿಂದ ಹೋಗಿ ಓದಿದರು. ವನೆಸಾಳ ಹಿರಿಮಗ ಜೂಲಿಯನ್ ಅದೇ ದಶಕದ ಕವಿ. ಅಪ್ಪ ಅಮ್ಮಂದಿರ ಶಾಂತಿವಾದ ಬಿಟ್ಟು ಸ್ಪೇನಿನ ಅಂತರ್ಯುದ್ಧದಲ್ಲಿ ಗಾಯಾಳುಗಳ ಗಾಡಿ ಓಡಿಸಲು ಹೋಗಿ 1937ರಲ್ಲಿ ಬಾಂಬಿಗೆ ಸಿಕ್ಕಿ ಸತ್ತ. ಯುದ್ಧಕ್ಕೆ ಬೆನ್ನು ತಿರುಗಿಸಿ ಕಟ್ಟಿಕೊಂಡ ಮನೆಗೆ ಯುದ್ಧವೇ ಹುಡುಕಿಕೊಂಡು ಬಂದ ಹಾಗಾಯಿತು.

ವನೆಸಾ 1961ರಲ್ಲಿ ಇದೇ ಮನೆಯಲ್ಲಿ ತೀರಿಕೊಂಡಳು. ಡಂಕನ್ 93 ವರ್ಷ ಬದುಕಿ 1978ರಲ್ಲಿ ಹೋದ. ಇಬ್ಬರ ಗೋರಿಯೂ ಫರ್ಲ್ ಇಗರ್ಜಿಯ ಅಂಗಳದಲ್ಲಿ ಅಕ್ಕಪಕ್ಕದಲ್ಲಿದೆ. ಅಷ್ಟು ಹೊತ್ತಿಗೆ ಮನೆ ಶೀತ ಕುಡಿದು, ಗಾರೆ ಉದುರಿ, ಸೂರು ಸೋರುತ್ತಿತ್ತು. ಬಾಡಿಗೆ ಮನೆಯಾದ್ದರಿಂದ ಕೀಲಿಕೈ ಯಜಮಾನರಿಗೆ ಒಪ್ಪಿಸಿ ಕೈತೊಳೆದುಕೊಳ್ಳಬಹುದಿತ್ತು. 1980ರಲ್ಲಿ ಹಿತೈಷಿಗಳು ಟ್ರಸ್ಟ್ ಕಟ್ಟಿ ಹಣ ಕೂಡಿಸಲು ಹೊರಟರು. ದುರಸ್ತಿಯ ಕೆಲಸ ಸುಲಭದ್ದಾಗಿರಲಿಲ್ಲ. ಗೋಡೆ ಕೆಡವಿದರೆ ಚಿತ್ತಾರ ಹೋಗುತ್ತದೆ, ಕೆಡವದಿದ್ದರೆ ಗೋಡೆಯೇ ಹೋಗುತ್ತದೆ. ಚಿತ್ತಾರದ ಪದರವನ್ನು ಹುಷಾರಾಗಿ ಎಬ್ಬಿಸಿಟ್ಟು, ಗೋಡೆ ಒಣಗಿಸಿ ಸರಿಪಡಿಸಿ, ಮತ್ತೆ ಅದರ ಜಾಗಕ್ಕೆ ಹಚ್ಚಿದರು. 1986ರಲ್ಲಿ ಮನೆ ಸಾರ್ವಜನಿಕರಿಗೆ ತೆರೆಯಿತು. ನೋಡಲು ಬಂದವರು ಕೊಡುವ ಟಿಕೆಟ್ ಕಾಸು ಸಾಲದಾದಾಗ ಉತ್ಸವದ ಯೋಚನೆ ಗಟ್ಟಿಯಾಯಿತು.

ಉತ್ಸವ ಬೆಳೆಯಿತು. 2004ರಿಂದ ಸೆಪ್ಟೆಂಬರಿನಲ್ಲಿ ಸಣ್ಣಕಥೆಗಳಿಗೆಂದೇ ಇನ್ನೊಂದು ಉತ್ಸವ ಶುರುವಾಯಿತು. ಸಣ್ಣಕಥೆಯನ್ನು ಕಾದಂಬರಿಯ ಬಡ ನೆಂಟನಂತೆ ನೋಡುವ ಪ್ರಕಾಶಕರ ಲೋಕದಲ್ಲಿ ಇದೊಂದು ಒಳ್ಳೆಯ ಹಟ. 2017ರಲ್ಲಿ ಅಮೆರಿಕದ ಸೌತ್ ಕೆರೊಲಿನಾದ ಚಾರ್ಲ್ಸ್‌ಟನ್ ನಗರದಲ್ಲಿ, ಅಲ್ಲಿನ 1748ರ ಗ್ರಂಥಾಲಯ ಸಂಘದ ಜೊತೆಗೂಡಿ, ಹೆಸರಿನ ನೆಪದಲ್ಲೇ ಒಂದು ಜೋಡಿ ಉತ್ಸವ ಹುಟ್ಟಿತು. 2018ರಲ್ಲಿ ಪಕ್ಕದ ಹಳೆಯ ಕಣಜ, ಹುಲ್ಲಿನ ಕೊಟ್ಟಿಗೆಗಳನ್ನು ಸಭಾಂಗಣ, ಉಪಾಹಾರ ಗೃಹಗಳಾಗಿ ಮಾರ್ಪಡಿಸಿ, ಹೊಸ ಗ್ಯಾಲರಿ ಕಟ್ಟಿದರು. ಅದೇ ವರ್ಷ ಟ್ರಸ್ಟ್ ಒಂದು ಅಪರೂಪದ ವಸ್ತು ಕೊಂಡಿತು. ಕಲಾ ಇತಿಹಾಸಕಾರ ಕೆನೆತ್ ಕ್ಲಾರ್ಕ್ 1932ರಲ್ಲಿ ಮನೆಯ ಊಟಕ್ಕೆಂದು ತಟ್ಟೆಗಳ ಸೆಟ್ಟಿಗೆ ಚಿತ್ರ ಬರೆಯಲು ವನೆಸಾ, ಡಂಕನ್ ಇಬ್ಬರಿಗೂ ಹೇಳಿದ್ದ. ಅವರು 50 ತಟ್ಟೆಗಳ ಮೇಲೆ ಚರಿತ್ರೆಯ ಹೆಣ್ಣುಗಳನ್ನು ಬಿಡಿಸಿದರು. ಗ್ರೀಸಿನ ಕವಿ ಸಾಫೋ, ಜಪಾನಿನ ಕಾದಂಬರಿಕಾರ್ತಿ ಮುರಸಾಕಿ, ವಿಕ್ಟೋರಿಯಾ ರಾಣಿ, ಸಿನಿಮಾ ನಟಿ ಗ್ರೇಟಾ ಗಾರ್ಬೊ, ತಂಗಿ ವರ್ಜೀನಿಯಾ. ಆ ಸಾಲಿನಲ್ಲಿ ತನ್ನ ಮುಖಕ್ಕೂ ವನೆಸಾ ಒಂದು ತಟ್ಟೆ ಇಟ್ಟುಕೊಂಡಳು. ಡಂಕನ್‌ಗೂ ಒಂದು, ಒಬ್ಬನೇ ಗಂಡಸು.

2020ರ ವಸಂತದಲ್ಲಿ ಕೊರೊನಾ ಬಂತು. ಉತ್ಸವ ರದ್ದಾಯಿತು, ಮನೆಗೆ ಬೀಗ ಬಿತ್ತು. ಸರ್ಕಾರದ ಕಾಯಂ ಅನುದಾನ ಇಲ್ಲದ ಸಂಸ್ಥೆ ಜನರ ಮುಂದೆ ಕೈಚಾಚಿತು. ಟಿಕೆಟ್ಟು, ಚಹಾ, ಪುಸ್ತಕ, ಇವುಗಳ ಮೇಲೆ ನಿಂತ ಮನೆಗೆ ಒಂದು ಬೇಸಿಗೆ ತಪ್ಪಿದರೆ ಉಸಿರು ಕಟ್ಟುತ್ತದೆ ಎಂಬುದು ಆಗ ಎಲ್ಲರಿಗೂ ಕಂಡಿತು. ಉತ್ಸವವನ್ನು ಗೇಲಿ ಮಾಡುವವರು ಈ ಲೆಕ್ಕವನ್ನು ಒಮ್ಮೆ ನೋಡಬೇಕು. ಮಾತಿನ ಟೆಂಟ್ ಎದ್ದರೆ ಚಿತ್ತಾರದ ಗೋಡೆ ನಿಲ್ಲುತ್ತದೆ.

ಹಾಗೆಂದು ಗೇಲಿಗೆ ಕಾರಣ ಇಲ್ಲವೆಂದಲ್ಲ. ಇಂಥ ಉತ್ಸವಗಳ ಸಭಿಕರೆಂದರೆ ಬಹುಪಾಲು ನೆಮ್ಮದಿಯಾಗಿ ನಿವೃತ್ತರಾದ, ಕಾರಿರುವ, ಬಿಳಿಯ ಮಧ್ಯಮವರ್ಗದವರು. ರೈಲು, ಟ್ಯಾಕ್ಸಿ, ಟಿಕೆಟ್ಟು, ಮೇಲೊಂದು ಊಟ ಸೇರಿದರೆ ಲಂಡನ್ನಿನಲ್ಲಿ ಕೆಲಸಕ್ಕಿರುವ ತರುಣರಿಗೆ ಅದು ದುಬಾರಿ ದಿನ. ಲೇಖಕರ ಗೋಳು ಬೇರೆ. ಟೆಂಟ್ ಹಾಕಿದವನಿಗೆ ಕೂಲಿ ಉಂಟು, ಚಹಾ ಕೊಟ್ಟವನಿಗೆ ಉಂಟು, ಮಾತಾಡಿದವರಿಗೆ ಮಾತ್ರ ಪುಸ್ತಕ ಮಾರಾಟವಾಗುತ್ತದಲ್ಲ ಎಂಬ ಸಮಾಧಾನ ಎಂದು ಇಂಗ್ಲೆಂಡಿನ ಲೇಖಕರು ಬಹಳ ಕಾಲದಿಂದ ದೂರುತ್ತಿದ್ದರು. 2016ರಲ್ಲಿ ಕಾದಂಬರಿಕಾರ ಫಿಲಿಪ್ ಪುಲ್‌ಮನ್ ಇದೇ ಕಾರಣಕ್ಕೆ ಆಕ್ಸ್‌ಫರ್ಡ್ ಸಾಹಿತ್ಯ ಉತ್ಸವದ ಪೋಷಕ ಸ್ಥಾನ ಬಿಟ್ಟರು. 2024ರಲ್ಲಿ ಪ್ರಾಯೋಜಕರ ಹಣ ಎಲ್ಲಿಂದ ಬರುತ್ತದೆ ಎಂಬ ಜಗಳ ಎದ್ದು ಹೇ, ಎಡಿನ್‌ಬರೋ ಉತ್ಸವಗಳು ತಮ್ಮ ದೊಡ್ಡ ಪ್ರಾಯೋಜಕ ಹೂಡಿಕೆ ಸಂಸ್ಥೆಯೊಂದರ ಜೊತೆ ಸಂಬಂಧ ಕಡಿದುಕೊಂಡವು. ಲೇಖಕರ ಆತ್ಮಸಾಕ್ಷಿ ಗೆದ್ದಿತು, ಉತ್ಸವಗಳ ಖಜಾನೆ ಬರಿದಾಯಿತು. ಸರಿಯೋ ತಪ್ಪೋ ಎಂಬ ವಾದ ಇನ್ನೂ ನಿಂತಿಲ್ಲ. ಬಂದೂಕು ಹಿಡಿಯಲಾರೆ, ಅದರ ಬದಲು ಹೊಲದ ಕೂಲಿ ಮಾಡುತ್ತೇನೆ ಎಂದ ಡಂಕನ್ ಈ ಜಗಳದಲ್ಲಿ ಯಾವ ಕಡೆ ನಿಲ್ಲುತ್ತಿದ್ದ ಎಂದು ಊಹಿಸುವುದು ಕಷ್ಟವೇನಲ್ಲ. ಕೇನ್ಸ್ ಮಾತ್ರ ಮೊದಲು ಲೆಕ್ಕಪತ್ರ ಕೊಡಿ ಎನ್ನುತ್ತಿದ್ದ.

ಇಷ್ಟೆಲ್ಲ ಹೇಳಿದ ಮೇಲೂ ನನ್ನ ಮತ ಚಾರ್ಲ್ಸ್‌ಟನ್ ಕಡೆಗೇ. ಐಷಾರಾಮಿ ಹೋಟೆಲುಗಳ ತಣ್ಣನೆಯ ಸಭಾಂಗಣದಲ್ಲಿ ನಡೆಯುವ ಉತ್ಸವಗಳಲ್ಲಿ ವೇದಿಕೆಯ ಮಾತು ಮುಗಿದರೆ ಎಲ್ಲ ಮುಗಿಯಿತು. ಅದನ್ನು ಒರೆಗೆ ಹಚ್ಚಲು ಅಲ್ಲಿ ಏನೂ ಇಲ್ಲ. ಇಲ್ಲಿ ಹಾಗಲ್ಲ. ಟೆಂಟಿನಲ್ಲಿ ಯಾರೋ ಸ್ತ್ರೀ ಸ್ವಾತಂತ್ರ್ಯದ ಬಗ್ಗೆ ಮಾತಾಡಿದರೆ ಪಕ್ಕದಲ್ಲೇ ಗ್ರೇಸ್‌ಳ ಒಲೆ ಇದೆ. ಪ್ರಾಮಾಣಿಕತೆಯ ಬಗ್ಗೆ ಮಾತಾಡಿದರೆ ಆಂಜೆಲಿಕಾ ಮಲಗುತ್ತಿದ್ದ ಕೋಣೆ ಇದೆ. ಸಾಮ್ರಾಜ್ಯದ ಪಾಪದ ಬಗ್ಗೆ ಮಾತಾಡಿದರೆ ಆ ಸಾಮ್ರಾಜ್ಯದ ಅನ್ನ ಉಂಡವರ ಊಟದ ಮೇಜೇ ಇದೆ. ಮನೆ ತನ್ನನ್ನು ಹೊಗಳಲು ಬಂದವರ ಬಾಯಿಗೂ ಬೀಗ ಹಾಕಬಲ್ಲದು. ಟ್ರಸ್ಟಿನವರು ಈ ಕಿರಿಕಿರಿಯ ಸಂಗತಿಗಳನ್ನು ಬಚ್ಚಿಡದೆ ಮುಂದಿಟ್ಟುಕೊಂಡೇ ಉತ್ಸವ ನಡೆಸುತ್ತಾರೆ. ಆ ಮಟ್ಟಿಗೆ ಅವರನ್ನು ಮೆಚ್ಚಬೇಕು.

ಮಕ್ಕಳು ಇಂಗ್ಲೆಂಡಿನಲ್ಲಿದ್ದಾರೆಂದು ಏಪ್ರಿಲ್ ಮೇನಲ್ಲಿ ವಿಮಾನ ಹತ್ತುವ ಕನ್ನಡದ ಅಪ್ಪ ಅಮ್ಮಂದಿರು ಈಗ ಬೇಕಾದಷ್ಟು ಜನ ಇದ್ದಾರೆ. ಲಂಡನ್ ಸೇತುವೆ, ಮೇಣದ ಬೊಂಬೆ, ಸ್ಟೋನ್‌ಹೆಂಜ್ ನೋಡಿ ಮುಗಿದ ಮೇಲೆ ಒಂದು ದಿನ ಲೂಯಿಸ್ ರೈಲು ಹಿಡಿಯಿರಿ. ಉತ್ಸವದ ಹೆಸರಾಂತ ಲೇಖಕರ ಟಿಕೆಟ್ ಬೇಗ ಖಾಲಿಯಾಗುತ್ತದೆ, ಸಿಗದಿದ್ದರೆ ಬೇಸರ ಬೇಡ. ಮನೆ ನೋಡಲು ಬೇರೆಯೇ ಟಿಕೆಟ್ ಇದೆ, ಅದನ್ನು ಮಾತ್ರ ಮೊದಲೇ ಕಾಯ್ದಿರಿಸಿ. ಅಡುಗೆಮನೆಯನ್ನು ಯಾವ ದಿನ ತೋರಿಸುತ್ತಾರೆಂದು ಕೇಳಿಕೊಂಡು ಹೋಗಿ. ಮತ್ತೆ, ಬಿಸಿಲಿದೆಯೆಂದು ಕೊಡೆ ಬಿಟ್ಟು ಹೊರಡಬೇಡಿ.